ವೃತ್ತಿಪರ ತಂಡದ ಆರೋಗ್ಯ ನಿರ್ದೇಶಕರ ಹುದ್ದೆಗೆ ದಾರಿ ಯಾವುದು?

ಪ್ರಶ್ನೆ: ಮೈದಾನದಂಚು

ನಮಸ್ಕಾರ. ಫಿಸಿಯೋಥೆರಪಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ನನಗೆ ಏಳು ವರ್ಷಗಳಾದವು. ಮೊದಲ ಮೂರು ವರ್ಷ ಆಸ್ಪತ್ರೆಯೊಂದರ ಮೂಳೆ ಮತ್ತು ಕೀಲು ವಿಭಾಗದಲ್ಲಿ ಕೆಲಸ ಮಾಡಿದೆ. ನಾಲ್ಕು ವರ್ಷಗಳಿಂದ ವೃತ್ತಿಪರ ಫುಟ್‌ಬಾಲ್ ಕ್ಲಬ್ಬೊಂದರ ಕಿರಿಯರ ಅಕಾಡೆಮಿಯಲ್ಲಿದ್ದೇನೆ. ಈ ವರ್ಷದಿಂದ ಮುಖ್ಯ ತಂಡದ ಪಂದ್ಯಗಳಿಗೂ ನನ್ನನ್ನು ಕರೆದೊಯ್ಯುತ್ತಿದ್ದಾರೆ. ಇನ್ನು ಹತ್ತು ವರ್ಷಗಳೊಳಗೆ ಒಂದು ವೃತ್ತಿಪರ ತಂಡದ ಆರೋಗ್ಯ ವಿಭಾಗದ ಪೂರ್ಣ ಹೊಣೆಯನ್ನು, ಅಂದರೆ ಆರೋಗ್ಯ ನಿರ್ದೇಶಕರ ಹುದ್ದೆಯನ್ನು ವಹಿಸಿಕೊಳ್ಳಬೇಕೆಂಬುದು ನನ್ನ ಬಯಕೆ. ಆದರೆ ಆ ಹುದ್ದೆಗೆ ಯಾವ ಮೆಟ್ಟಿಲುಗಳನ್ನು ಹತ್ತಬೇಕೆಂಬುದು ನನಗೆ ಸ್ಪಷ್ಟವಾಗಿಲ್ಲ. ನನ್ನ ಸುತ್ತಲಿರುವವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ.

ಮೊದಲನೆಯದಾಗಿ, ಈ ಹುದ್ದೆ ವೈದ್ಯರಿಗೆ ಮಾತ್ರ ಮೀಸಲೇ, ಅಥವಾ ಫಿಸಿಯೋಥೆರಪಿಸ್ಟ್ ಕೂಡ ಅಲ್ಲಿಗೆ ತಲುಪಬಹುದೇ? ಎರಡನೆಯದಾಗಿ, ಈಗ ಇನ್ನೊಂದು ಪದವಿ ಮಾಡುವುದಾದರೆ ಕ್ರೀಡಾ ವಿಜ್ಞಾನದ ಕಡೆ ಹೋಗಬೇಕೇ, ಆಡಳಿತ ನಿರ್ವಹಣೆಯ ಕಡೆ ಹೋಗಬೇಕೇ?

ಮೂರನೆಯದು ಪ್ರಶ್ನೆಗಿಂತ ಹೆಚ್ಚಾಗಿ ಮನಸ್ಸಿನ ಭಾರ. ಕಳೆದ ತಿಂಗಳು ಹತ್ತೊಂಬತ್ತು ವರ್ಷದ ಆಟಗಾರನೊಬ್ಬ ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹರಿದುಕೊಂಡು ಚೇತರಿಸಿಕೊಳ್ಳುತ್ತಿದ್ದ. ಇನ್ನೂ ಹತ್ತು ದಿನ ಕಾಯಬೇಕೆಂದು ನಾನು ಹೇಳಿದೆ. ಕೋಚ್ ಒಪ್ಪಲಿಲ್ಲ, ಹುಡುಗನೂ ಆಡುತ್ತೇನೆಂದ, ನನ್ನ ಮೇಲಿನವರು ಸುಮ್ಮನಾದರು. ಪಂದ್ಯದ ಅರವತ್ತನೆಯ ನಿಮಿಷದಲ್ಲಿ ಅದೇ ಸ್ನಾಯು ಮತ್ತೆ ಹರಿಯಿತು. ನಿರ್ದೇಶಕರ ಕುರ್ಚಿಯಲ್ಲಿ ಕುಳಿತವರಿಗಾದರೂ ಇಂಥ ಸಂದರ್ಭದಲ್ಲಿ ಬೇಡ ಎನ್ನುವ ಅಧಿಕಾರ ನಿಜವಾಗಿ ಇರುತ್ತದೆಯೇ? ಇಲ್ಲವಾದರೆ ಆ ಹುದ್ದೆಯನ್ನು ಬಯಸುವುದರಲ್ಲಿ ಅರ್ಥವಿದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ವೈದ್ಯರ ಚೀಲ

ನಿಮ್ಮ ಮೂರನೆಯ ಪ್ರಶ್ನೆಯೇ ಮೊದಲನೆಯದಾಗಬೇಕಿತ್ತು. ಆದರೂ ನೀವು ಕೇಳಿದ ಕ್ರಮದಲ್ಲೇ ಬರುತ್ತೇನೆ. ನಾನು ವೈದ್ಯ, ತುರ್ತು ಚಿಕಿತ್ಸಾ ವಿಭಾಗದಿಂದ ಕ್ರೀಡಾ ವೈದ್ಯಕೀಯಕ್ಕೆ ಬಂದು, ರಗ್ಬಿ ಮತ್ತು ಫುಟ್‌ಬಾಲ್ ತಂಡಗಳಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಅದರಲ್ಲಿ ಕೊನೆಯ ಒಂಬತ್ತು ವರ್ಷ ವಿಭಾಗದ ಮುಖ್ಯಸ್ಥನಾಗಿದ್ದೆ.

ಈ ಹುದ್ದೆಗೆ ಎಲ್ಲೆಡೆ ಒಂದೇ ಹೆಸರಿಲ್ಲ. ಒಂದು ಕ್ಲಬ್ಬಿನಲ್ಲಿ ವೈದ್ಯಕೀಯ ಮುಖ್ಯಸ್ಥ ಎನ್ನುತ್ತಾರೆ, ಇನ್ನೊಂದರಲ್ಲಿ ಆರೋಗ್ಯ ಮತ್ತು ಸಾಮರ್ಥ್ಯ ನಿರ್ದೇಶಕ, ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳಲ್ಲಿ ಆಟಗಾರರ ಆರೈಕೆಯ ಉಪಾಧ್ಯಕ್ಷ ಎಂಬ ಹೆಸರೂ ಇದೆ. ಹೆಸರು ಏನೇ ಇರಲಿ, ವೈದ್ಯರು, ಫಿಸಿಯೋಥೆರಪಿಸ್ಟರು, ಫಿಟ್‌ನೆಸ್ ತರಬೇತುದಾರರು, ಆಹಾರ ತಜ್ಞರು, ಮನಶ್ಶಾಸ್ತ್ರಜ್ಞರು, ಅಂಕಿಅಂಶ ನೋಡುವವರು, ಇವರೆಲ್ಲರ ಕೆಲಸವನ್ನು ಒಂದು ತೀರ್ಮಾನಕ್ಕೆ ತಂದು ನಿಲ್ಲಿಸುವವರೇ ಆರೋಗ್ಯ ನಿರ್ದೇಶಕರು. ಹಾಗಾಗಿ ವೈದ್ಯರೇ ಆಗಬೇಕೆಂಬ ನಿಯಮವಿಲ್ಲ. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನಲ್ಲಿ ಬಹುಕಾಲ ಫಿಸಿಯೋ ಆಗಿದ್ದ ಗ್ಯಾರಿ ಲೆವಿನ್ ಅದೇ ಕ್ಲಬ್ಬಿನ ಕಿರಿಯ ಗೋಲ್‌ಕೀಪರ್ ಆಗಿದ್ದವರು; ಆಟದಲ್ಲಿ ಮುಂದುವರಿಯಲಾಗದೆ ಗೈಸ್ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕಲಿತು, ಕ್ಲಬ್ಬಿಗೇ ಮರಳಿ, ಮುಂದೆ ಇಂಗ್ಲೆಂಡ್ ರಾಷ್ಟ್ರೀಯ ತಂಡದ ಹೊಣೆಯನ್ನೂ ಹೊತ್ತರು. ಬಾಸ್ಕೆಟ್‌ಬಾಲ್‌ನಲ್ಲಿ ಆರನ್ ನೆಲ್ಸನ್ ಅಥ್ಲೆಟಿಕ್ ಟ್ರೇನರ್ ಆಗಿ, ಅಂದರೆ ಆಟಗಾರರ ಗಾಯಗಳನ್ನು ತಡೆಯುವ ಮತ್ತು ಆರೈಕೆ ಮಾಡುವವರಾಗಿ, ಫೀನಿಕ್ಸ್ ಸನ್ಸ್ ತಂಡದಲ್ಲಿ ಹಲವು ವರ್ಷ ದುಡಿದು, ವಯಸ್ಸಾದ ಆಟಗಾರರನ್ನು ಆಟಕ್ಕೆ ಅಣಿಯಾಗಿಡುವುದರಲ್ಲಿ ಹೆಸರು ಮಾಡಿ, 2019ರಲ್ಲಿ ನ್ಯೂ ಆರ್ಲಿಯನ್ಸ್ ತಂಡದಲ್ಲಿ ಆಟಗಾರರ ಆರೈಕೆ ಮತ್ತು ಸಾಮರ್ಥ್ಯದ ಉಪಾಧ್ಯಕ್ಷರಾದರು. ಇಬ್ಬರೂ ವೈದ್ಯರಲ್ಲ.

ಆದರೆ ಒಂದು ಗಡಿಯನ್ನು ಮಾತ್ರ ಮರೆಯಬೇಡಿ. ಔಷಧ ಬರೆಯುವುದು, ಹೃದಯದ ತಪಾಸಣೆಯ ಫಲಿತಾಂಶ ನೋಡಿ ಆಡಲು ಅನುಮತಿ ಕೊಡುವುದು, ತಲೆಗೆ ಪೆಟ್ಟು ಬಿದ್ದವನನ್ನು ಮತ್ತೆ ಮೈದಾನಕ್ಕೆ ಬಿಡುವುದು, ಇವು ವೈದ್ಯರ ಪರವಾನಗಿಯ ಮೇಲೆ ನಿಂತ ತೀರ್ಮಾನಗಳು. ನೀವು ನಿರ್ದೇಶಕರಾದ ಮೇಲೂ ಆ ಸಹಿ ನಿಮ್ಮದಾಗಿರುವುದಿಲ್ಲ. ಆಡಳಿತದಲ್ಲಿ ನಿಮ್ಮ ಕೈಕೆಳಗಿರುವ ವೈದ್ಯರ ವೈದ್ಯಕೀಯ ತೀರ್ಮಾನದಲ್ಲಿ ನೀವು ಕೈಹಾಕುವಂತಿಲ್ಲ ಎಂಬ ವಿಚಿತ್ರ ಸಂಬಂಧವನ್ನು ಮೊದಲ ದಿನವೇ ಒಪ್ಪಿಕೊಂಡವರು ಉಳಿಯುತ್ತಾರೆ. ಒಪ್ಪದವರ ವಿಭಾಗ ಎರಡು ಬಣವಾಗಿ ಒಡೆಯುತ್ತದೆ. ನಾನು ಎರಡನ್ನೂ ನೋಡಿದ್ದೇನೆ.

ಔಷಧದ ವಿಷಯ ಬಂದಿದ್ದರಿಂದ ಒಂದು ಮಾತು ಹೇಳಲೇಬೇಕು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರಡುಕಾನ್ ಆಲ್‌ರೌಂಡ್ ವಿಭಾಗದ ಚಿನ್ನ ಗೆದ್ದು, ಅದನ್ನು ಕಳೆದುಕೊಂಡರು. ಶೀತಕ್ಕೆಂದು ತಂಡದ ವೈದ್ಯರು ಕೊಟ್ಟ ಮಾತ್ರೆಯಲ್ಲಿ ಆಗ ನಿಷೇಧವಿದ್ದ ಸ್ಯೂಡೋಎಫೆಡ್ರಿನ್ ಇತ್ತು. ಆಕೆಯ ತಪ್ಪೇನೂ ಇಲ್ಲದಿದ್ದರೂ ಪದಕ ಮರಳಿ ಬರಲಿಲ್ಲ. ಏಕೆಂದರೆ ಉದ್ದೀಪನ ಮದ್ದಿನ ನಿಯಮದಲ್ಲಿ ದೇಹದೊಳಗೆ ಏನು ಸಿಕ್ಕರೂ ಅದರ ಹೊಣೆ ಆಟಗಾರರದೇ. ಇಂದಿಗೂ ವಾಡಾದ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ನಿಷೇಧಿತ ಪಟ್ಟಿಯ ಹೊಸ ಆವೃತ್ತಿ ಪ್ರತಿ ವರ್ಷ ಜನವರಿ 1ರಂದು ಜಾರಿಗೆ ಬರುತ್ತದೆ. ಅದನ್ನು ಓದಿ, ತಂಡದ ಔಷಧದ ಪೆಟ್ಟಿಗೆಯನ್ನು ಅದರೊಂದಿಗೆ ತಾಳೆ ನೋಡಿ, ಆಸ್ತಮಾದಂಥ ಕಾಯಿಲೆ ಇರುವವರಿಗೆ ಅಗತ್ಯವಿದ್ದರೆ ಮುಂಚಿತವಾಗಿಯೇ ಚಿಕಿತ್ಸಾ ವಿನಾಯಿತಿ, ಅಂದರೆ ಪಟ್ಟಿಯಲ್ಲಿರುವ ಔಷಧವನ್ನು ಚಿಕಿತ್ಸೆಗಾಗಿ ಬಳಸುವ ಅನುಮತಿ, ಪಡೆಯುವ ವ್ಯವಸ್ಥೆ ಇಡುವುದು ನಿರ್ದೇಶಕರ ಕೆಲಸ. ಯಾರ ಕಣ್ಣಿಗೂ ಬೀಳದ ಈ ಕೆಲಸದಲ್ಲಿ ಒಂದು ಸಲ ಎಡವಿದರೆ ಒಬ್ಬರ ಜೀವಮಾನದ ಸಾಧನೆ ಹೋಗುತ್ತದೆ.

ಇನ್ನು ತುರ್ತು ಸ್ಥಿತಿ. ಇದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. 2003ರ ಜೂನ್ 26ರಂದು ಲಿಯಾನ್‌ನಲ್ಲಿ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋ ಮೈದಾನದಲ್ಲೇ ಕುಸಿದು ತೀರಿಕೊಂಡರು. ಫುಟ್‌ಬಾಲ್ ಜಗತ್ತು ಆಟಗಾರರ ಹೃದಯ ತಪಾಸಣೆಯನ್ನೂ ಮೈದಾನದ ಬದಿಯ ಸಿದ್ಧತೆಯನ್ನೂ ಹೊಸದಾಗಿ ನೋಡುವಂತೆ ಮಾಡಿದ ಸಾವು ಅದು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಕುಸಿದಾಗ ಕೂಡಲೇ ಎದೆ ಒತ್ತಲು ತೊಡಗಿದರು, ವಿದ್ಯುತ್ ಆಘಾತ ಕೊಟ್ಟು ಹೃದಯದ ಬಡಿತವನ್ನು ಮರಳಿಸುವ ಡಿಫಿಬ್ರಿಲೇಟರ್ ಬಂತು, ಅವರು ಬದುಕಿದರು. ಮರುವರ್ಷ ಎದೆಯೊಳಗೆ ಅಳವಡಿಸಿದ ಉಪಕರಣದೊಂದಿಗೆ ಮತ್ತೆ ವೃತ್ತಿಪರ ಪಂದ್ಯ ಆಡಿದರು. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಅವರ ಎದೆಗೆ ಪೆಟ್ಟು ಬಿದ್ದು ಹೃದಯ ನಿಂತಾಗಲೂ ಮೊದಲು ಎದೆ ಒತ್ತಿದವರಲ್ಲಿ ತಂಡದ ಸಹಾಯಕ ಅಥ್ಲೆಟಿಕ್ ಟ್ರೇನರ್ ಇದ್ದರು. ಹೃದಯ ನಿಂತ ಮೇಲೆ ಡಿಫಿಬ್ರಿಲೇಟರ್ ಬಳಸುವುದು ತಡವಾದ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು 7ರಿಂದ 10 ಪ್ರತಿಶತ ಇಳಿಯುತ್ತದೆ. ಹಾಗಿರುವಾಗ ಉಪಕರಣ ಎಲ್ಲಿದೆ, ಯಾರು ತರುತ್ತಾರೆ, ತಲೆಯ ಬಳಿ ಯಾರು, ಎದೆಯ ಬಳಿ ಯಾರು, ಆಂಬುಲೆನ್ಸ್ ಯಾವ ಗೇಟಿನಿಂದ ಬರುತ್ತದೆ, ಆ ಗೇಟಿನ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಪಂದ್ಯಕ್ಕೆ ಮೊದಲು ಎರಡೂ ತಂಡಗಳ ವೈದ್ಯಕೀಯ ಸಿಬ್ಬಂದಿ ಒಟ್ಟಿಗೆ ನಿಂತು ಮಾತಾಡಿಕೊಳ್ಳಬೇಕು. ನಾನು ಮುಖ್ಯಸ್ಥನಾದ ಮೊದಲ ವಾರ ಅಭ್ಯಾಸದ ಮೈದಾನದಲ್ಲಿ ಒಂದು ಅಣಕು ಪ್ರಯೋಗ ಮಾಡಿಸಿದೆ. ಡಿಫಿಬ್ರಿಲೇಟರ್ ಬರಲು ಆರು ನಿಮಿಷ ಹಿಡಿಯಿತು, ಏಕೆಂದರೆ ಅದನ್ನು ಬೀಗ ಹಾಕಿದ ಕೋಣೆಯಲ್ಲಿ ಭದ್ರವಾಗಿ ಇಟ್ಟಿದ್ದರು. ಆ ಆರು ನಿಮಿಷ ಈಗಲೂ ನನ್ನನ್ನು ಕಾಡುತ್ತದೆ.

ನಿಮಗೆ ನನ್ನ ಸಲಹೆ ಇಷ್ಟೇ. ನೀವಿರುವ ಅಕಾಡೆಮಿಯ ತುರ್ತು ಯೋಜನೆಯನ್ನು ಬರೆಯುವ ಹೊಣೆಯನ್ನು ನೀವೇ ಕೇಳಿ ಪಡೆಯಿರಿ. ಯಾರೂ ಅದಕ್ಕೆ ಅಡ್ಡ ಬರುವುದಿಲ್ಲ, ಏಕೆಂದರೆ ಅದು ಬೇಸರದ ಕೆಲಸ. ಅದನ್ನು ಮಾಡುತ್ತಾ ಮಾಡುತ್ತಾ ಭದ್ರತಾ ಸಿಬ್ಬಂದಿ, ಮೈದಾನ ನೋಡಿಕೊಳ್ಳುವವರು, ಆಸ್ಪತ್ರೆ, ಆಡಳಿತ, ಎಲ್ಲರೊಂದಿಗೂ ಮಾತಾಡಬೇಕಾಗುತ್ತದೆ. ನಿರ್ದೇಶಕರ ಕೆಲಸದ ಮೊದಲ ಪಾಠ ಅಲ್ಲೇ ಸಿಗುತ್ತದೆ.

ಉತ್ತರ 2: ಓಟದ ಲೆಕ್ಕ

ಮೇಲಿನ ವೈದ್ಯರ ಮಾತನ್ನು ಗೌರವದಿಂದ ಒಪ್ಪುತ್ತೇನೆ. ನಾನು ನಿಮ್ಮ ದಾರಿಯಲ್ಲೇ ಬಂದವಳು; ಫಿಸಿಯೋಥೆರಪಿಸ್ಟ್ ಆಗಿ ಆರಂಭಿಸಿ, ಗಾಯದ ನಂತರದ ಪುನಶ್ಚೇತನದ ಮುಖ್ಯಸ್ಥೆಯಾಗಿ, ಈಗ ಐದು ವರ್ಷಗಳಿಂದ ಒಂದು ತಂಡದ ಆರೋಗ್ಯ ಮತ್ತು ಸಾಮರ್ಥ್ಯ ನಿರ್ದೇಶಕಿಯಾಗಿದ್ದೇನೆ. ಹಾಗಾಗಿ ನಿಮ್ಮ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ.

ಪದವಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನಿಮ್ಮಲ್ಲಿರುವ ಸ್ನಾತಕೋತ್ತರ ಪದವಿ ಸಾಕು. ಫೀಫಾ ಉಚಿತವಾಗಿ ಆನ್‌ಲೈನ್‌ನಲ್ಲಿ ನಡೆಸುವ ಫುಟ್‌ಬಾಲ್ ವೈದ್ಯಕೀಯ ಡಿಪ್ಲೊಮಾ ಇದೆ, ಅದನ್ನು ಮುಗಿಸಿ. ಮೈದಾನದ ಬದಿಯ ತುರ್ತು ಚಿಕಿತ್ಸೆಯ ಪ್ರಮಾಣಪತ್ರದ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಆಡಳಿತ ನಿರ್ವಹಣೆಯ ಪದವಿ ಇಲ್ಲದೆಯೂ ಬಜೆಟ್ ಮಾಡಲು, ನೇಮಕಾತಿಯ ಸಂದರ್ಶನ ನಡೆಸಲು ಕಲಿಯಬಹುದು. ಆದರೆ ಅಂಕಿಅಂಶಗಳನ್ನು ಓದುವ, ಅವುಗಳ ಮಿತಿಯನ್ನು ಅರಿಯುವ ಶಕ್ತಿ ತಾನಾಗಿ ಬರುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿಸುವ ಕೋರ್ಸನ್ನು ಆರಿಸಿ. ಯಂತ್ರ ಮಾರುವವರು ವಾರಕ್ಕೊಬ್ಬರಂತೆ ಬಂದು ಗಾಯವನ್ನು ಮೊದಲೇ ಊಹಿಸುತ್ತೇವೆ ಎನ್ನುತ್ತಾರೆ. ಅವರಿಗೆ ಸರಿಯಾದ ಪ್ರಶ್ನೆ ಕೇಳಲು ಆ ವಿದ್ಯೆ ಬೇಕು.

ಈಗ ಆ ಹುಡುಗನ ವಿಷಯ. ಯುರೋಪಿನ ಉನ್ನತ ಕ್ಲಬ್ಬುಗಳ ಗಾಯಗಳನ್ನು ಸ್ವೀಡನ್ನಿನ ಯಾನ್ ಎಕ್‌ಸ್ಟ್ರಾಂಡ್ ಮತ್ತು ಅವರ ತಂಡ 2001ರಿಂದ ದಾಖಲಿಸುತ್ತಾ ಬಂದಿದೆ. ಇಪ್ಪತ್ತೈದು ಆಟಗಾರರ ತಂಡದಲ್ಲಿ ಒಂದು ಋತುವಿಗೆ ಸುಮಾರು 50 ಗಾಯಗಳು, ಅಂದರೆ ತಲಾ ಎರಡು, ಸಹಜವೆಂಬ ತಿಳಿವಳಿಕೆ ಅಲ್ಲಿಂದಲೇ ಬಂತು. ಹ್ಯಾಮ್‌ಸ್ಟ್ರಿಂಗ್ ಗಾಯಗಳ ಪಾಲು ಆ ಅಧ್ಯಯನದ ಮೊದಲ ಋತುವಿನಲ್ಲಿ 12 ಪ್ರತಿಶತ ಇದ್ದದ್ದು ಎರಡು ದಶಕಗಳಲ್ಲಿ 24 ಪ್ರತಿಶತಕ್ಕೆ ಏರಿತು. ಮರುಕಳಿಸಿದ ಗಾಯಗಳಲ್ಲಿ ಮೂರನೇ ಎರಡರಷ್ಟು, ಆಟಕ್ಕೆ ಮರಳಿದ ಎರಡು ತಿಂಗಳೊಳಗೇ ಆದವು. ನಾರ್ಡಿಕ್ ವ್ಯಾಯಾಮವನ್ನು, ಅಂದರೆ ಮಂಡಿಯೂರಿ ಪಾದಗಳನ್ನು ಹಿಡಿಸಿಕೊಂಡು ದೇಹವನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದನ್ನು, ಕ್ರಮವಾಗಿ ಮಾಡಿದರೆ ಈ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾಗುತ್ತವೆಂದು ಹಲವು ಪ್ರಯೋಗಗಳು ತೋರಿಸಿದ್ದರೂ ಉನ್ನತ ಕ್ಲಬ್ಬುಗಳಲ್ಲಿ ಅದನ್ನು ಪೂರ್ತಿಯಾಗಿ ಪಾಲಿಸುವವರು ಕಡಿಮೆ. ಏಕೆ ಎಂಬುದನ್ನು ಯೋಚಿಸಿ ನೋಡಿ. ವ್ಯಾಯಾಮ ಗೊತ್ತಿಲ್ಲದ ಫಿಸಿಯೋ ಯಾರೂ ಇಲ್ಲ. ಮಾಡಿದ ಮರುದಿನ ತೊಡೆ ನೋಯುತ್ತದೆಂದು ಆಟಗಾರ ಹಿಂಜರಿಯುತ್ತಾನೆ, ಪಂದ್ಯದ ಎರಡು ದಿನ ಮೊದಲು ಬೇಡವೆಂದು ಕೋಚ್ ಹೇಳುತ್ತಾರೆ, ವಾರಕ್ಕೆರಡು ಪಂದ್ಯಗಳಿದ್ದರೆ ಜಾಗವೇ ಉಳಿಯುವುದಿಲ್ಲ. ಕೋಚ್ ಜೊತೆ ಕುಳಿತು ಆ ಜಾಗವನ್ನು ಹುಡುಕಿಕೊಡುವವರೇ ಆರೋಗ್ಯ ನಿರ್ದೇಶಕರು.

ಅದೇ ಅಧ್ಯಯನ ತಂಡ 2019ರಲ್ಲಿ ಪ್ರಕಟಿಸಿದ ಇನ್ನೊಂದು ಫಲಿತಾಂಶ ನನ್ನ ಕೆಲಸದ ದಿಕ್ಕನ್ನೇ ಬದಲಿಸಿತು. ಮುಖ್ಯ ಕೋಚ್ ಮತ್ತು ವೈದ್ಯಕೀಯ ವಿಭಾಗದ ನಡುವೆ ಮಾತುಕತೆ ಚೆನ್ನಾಗಿಲ್ಲದ ಕ್ಲಬ್ಬುಗಳಲ್ಲಿ ಗಾಯದ ಹೊರೆ, ಅಂದರೆ ಗಾಯದಿಂದ ಕಳೆದುಹೋಗುವ ದಿನಗಳು, ಹೆಚ್ಚು, ಆಡಲು ಲಭ್ಯವಿರುವ ಆಟಗಾರರು ಕಡಿಮೆ ಎಂದು ಅವರು ಕಂಡುಕೊಂಡರು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಅದರಿಂದ ಖಚಿತವಾಗಿ ಹೇಳಲಾಗದು. ಗಾಯಗಳು ಹೆಚ್ಚಿದರೆ ಮಾತು ಕೆಡುವುದೂ ಉಂಟು. ಆದರೂ ಅದನ್ನು ಓದಿದ ಮೇಲೆ ನಾನು ಚಿಕಿತ್ಸಾ ಕೋಣೆಯಲ್ಲಿ ಕಳೆಯುವ ಸಮಯವನ್ನು ಕಡಿಮೆ ಮಾಡಿ, ಪ್ರತಿದಿನ ಬೆಳಿಗ್ಗೆ ಇಪ್ಪತ್ತು ನಿಮಿಷ ಕೋಚ್ ಕೋಣೆಯಲ್ಲಿ ಕುಳಿತುಕೊಳ್ಳಲು ಆರಂಭಿಸಿದೆ. ಮೊದಲ ಎರಡು ತಿಂಗಳು ಕಷ್ಟವಾಯಿತು. ನಾನು ಕೆಟ್ಟ ಸುದ್ದಿ ತರುವವಳೆಂದೇ ಅವರು ನೋಡುತ್ತಿದ್ದರು.

ಅಲ್ಲಿ ನಾನು ಕಲಿತದ್ದು, "ಆಡಬಹುದು" ಅಥವಾ "ಆಡಬಾರದು" ಎಂಬ ಎರಡೇ ಮಾತುಗಳಲ್ಲಿ ಉತ್ತರ ಕೊಡಬಾರದು ಎಂಬುದನ್ನು. ಆಟಕ್ಕೆ ಮರಳಿಸುವ ತೀರ್ಮಾನದಲ್ಲಿ ಮೂರು ಪದರಗಳಿವೆ. ಮೊದಲು ಗಾಯಗೊಂಡ ಅಂಗಾಂಶ ಎಷ್ಟು ಗಟ್ಟಿಯಾಗಿದೆ ಎಂಬುದು. ಆಮೇಲೆ, ಆ ಆಟ, ಆ ಸ್ಥಾನ, ಆ ವಾರದ ಹೊರೆ ಆ ಅಂಗಾಂಶದಿಂದ ಏನನ್ನು ಕೇಳುತ್ತದೆ ಎಂಬುದು. ಕೊನೆಯದಾಗಿ, ಉಳಿದ ಅಪಾಯವನ್ನು ಹೊರಲು ಯಾರು ಸಿದ್ಧರಿದ್ದಾರೆ, ಏತಕ್ಕಾಗಿ ಎಂಬುದು. ಮೊದಲೆರಡು ನಮ್ಮ ವಿದ್ಯೆಗೆ ಸೇರಿದವು. ಮೂರನೆಯದರಲ್ಲಿ ಆಟಗಾರನಿಗೆ, ಕೋಚ್‌ಗೆ ಮಾತಿದೆ. ಈ ಮೂರನ್ನು ಬೇರೆ ಬೇರೆಯಾಗಿ ಬರೆದು ಮೇಜಿನ ಮೇಲಿಟ್ಟರೆ ವಾದದ ಸ್ವರೂಪವೇ ಬದಲಾಗುತ್ತದೆ. "ಇನ್ನೂ ಹತ್ತು ದಿನ ಬೇಕು" ಎಂದರೆ ಕೋಚ್ ಐದಕ್ಕೆ ಚೌಕಾಸಿ ಮಾಡುತ್ತಾರೆ. ಗಾಯಕ್ಕೆ ಮುಂಚೆ ಇವನ ಗರಿಷ್ಠ ವೇಗ ಎಷ್ಟಿತ್ತು, ಈಗ ಅದರ ಎಷ್ಟು ಭಾಗ ತಲುಪಿದ್ದಾನೆ, ಪೂರ್ಣ ವೇಗದ ಓಟವನ್ನು ಅಭ್ಯಾಸದಲ್ಲಿ ಎಷ್ಟು ಸಲ ನೋವಿಲ್ಲದೆ ಮಾಡಿದ್ದಾನೆ ಎಂದು ಮುಂದಿಟ್ಟರೆ ಚೌಕಾಸಿಗೆ ಜಾಗವಿರುವುದಿಲ್ಲ, ಆ ಓಟವನ್ನು ಯಾವ ದಿನ ಮಾಡಿಸುವುದೆಂಬ ಮಾತು ಆರಂಭವಾಗುತ್ತದೆ.

ಮೊಣಕಾಲನ್ನು ಸ್ಥಿರವಾಗಿಡುವ ಅಸ್ಥಿರಜ್ಜು, ಅಂದರೆ ಎಸಿಎಲ್, ಹರಿದಾಗ ಮಾಡುವ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ಕಾಣಬಹುದು. 2016ರಲ್ಲಿ ನಾರ್ವೆಯ ಸಂಶೋಧಕರು, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತೆಂದು ತೋರಿಸಿದರು. ಆ ಅಂಕಿಯನ್ನು ನಾನು ಶಸ್ತ್ರಚಿಕಿತ್ಸೆಯ ಮರುವಾರವೇ ಆಟಗಾರನಿಗೂ ಕೋಚ್‌ಗೂ ಒಟ್ಟಿಗೆ ಕೂರಿಸಿ ಹೇಳುತ್ತೇನೆ. ಏಳನೆಯ ತಿಂಗಳಲ್ಲಿ, ಫೈನಲ್ ಪಂದ್ಯ ಎದುರಿಗಿದ್ದಾಗ ಹೇಳಿದರೆ ಅದು ಯಾರ ಕಿವಿಗೂ ಬೀಳುವುದಿಲ್ಲ.

ಉತ್ತರ 3: ಹತ್ತನೇ ನಂಬರ್

ನಾನು ಹನ್ನೊಂದು ವರ್ಷ ವೃತ್ತಿಪರವಾಗಿ ಆಡಿ ನಿವೃತ್ತನಾದವನು. ಚಿಕಿತ್ಸಾ ಕೋಣೆಯ ಮಂಚದ ಮೇಲೆ ಮಲಗಿದವನ ಕಡೆಯಿಂದ ಒಂದು ಮಾತು ಸೇರಿಸಲು ಅನುಮತಿ ಕೊಡಿ.

ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಿದ್ರೆ ಬಾರದ ಕಾಲವೊಂದಿತ್ತು. ಅದನ್ನು ತಂಡದ ಫಿಸಿಯೋ ಬಳಿ ಹೇಳಿಕೊಂಡೆ. ಎರಡು ದಿನಗಳಲ್ಲಿ ಕೋಚ್‌ಗೆ ತಿಳಿಯಿತು, ಒಂದು ವಾರದಲ್ಲಿ ನನ್ನ ಒಪ್ಪಂದದ ಮಾತುಕತೆಯಲ್ಲಿ ಅದು ಪ್ರಸ್ತಾಪವಾಯಿತು. ಆಮೇಲೆ ನಿವೃತ್ತನಾಗುವವರೆಗೆ ನಾನು ಯಾವ ತಂಡದ ವೈದ್ಯಕೀಯ ಸಿಬ್ಬಂದಿಗೂ ನಿಜ ಹೇಳಲಿಲ್ಲ; ಪಾದದ ನೋವನ್ನೂ ಮುಚ್ಚಿಟ್ಟು ಆಡಿ, ಮೂಳೆಯಲ್ಲಿ ಬಿರುಕು ಬಿಟ್ಟ ಮೇಲೆಯೇ ಬಾಯಿಬಿಟ್ಟೆ. ಆ ಫಿಸಿಯೋ ಕೆಟ್ಟವರಾಗಿರಲಿಲ್ಲ. ಯಾವ ಮಾತು ಯಾರಿಗೆ ಹೋಗಬಹುದೆಂಬ ನಿಯಮ ಆ ವಿಭಾಗದಲ್ಲಿ ಇರಲೇ ಇಲ್ಲ.

ನಾನು ಕೊನೆಯದಾಗಿ ಆಡಿದ ತಂಡದ ಆರೋಗ್ಯ ನಿರ್ದೇಶಕರು ಮೊದಲ ದಿನವೇ ಒಂದು ಹಾಳೆ ಕೊಟ್ಟರು. ಆಡಲು ಲಭ್ಯನೋ ಇಲ್ಲವೋ, ಯಾವಾಗ ಮರಳಬಹುದು, ಅಭ್ಯಾಸದಲ್ಲಿ ಏನು ಮಾಡಬಾರದು, ಇಷ್ಟು ಮಾತ್ರ ಕೋಚ್‌ಗೆ ಹೋಗುತ್ತದೆ, ಉಳಿದದ್ದೆಲ್ಲ ನಿಮ್ಮ ಒಪ್ಪಿಗೆಯಿಲ್ಲದೆ ಈ ಕೋಣೆ ದಾಟುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಮನಶ್ಶಾಸ್ತ್ರಜ್ಞರ ದಾಖಲೆಗಳನ್ನು ಅವರು ತಾವೂ ನೋಡದಂತೆ ಬೇರೆಯಾಗಿ ಇಡಿಸಿದ್ದರು. ನೀವು ನಿರ್ದೇಶಕರಾದರೆ ಇದನ್ನು ಮಾಡಿ. ಆಟಗಾರ ಬೇಗ ಬಂದು ನಿಜ ಹೇಳದಿದ್ದರೆ ನಿಮ್ಮ ಯಂತ್ರಗಳು, ಅಂಕಿಗಳು ಯಾವುವೂ ಪ್ರಯೋಜನಕ್ಕೆ ಬರುವುದಿಲ್ಲ.

ಮರುಪ್ರಶ್ನೆ: ಮೈದಾನದಂಚು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಓದುತ್ತಾ ಹೋದಂತೆ, ಆ ಹುಡುಗನ ವಿಷಯದಲ್ಲಿ ನಾನು ದಿನಗಳ ಲೆಕ್ಕವನ್ನಷ್ಟೇ ಹೇಳಿದೆ, ಓಟದ ಲೆಕ್ಕ ಹೇಳಲಿಲ್ಲ ಎಂಬುದು ಅರಿವಾಯಿತು. ಆದರೆ ಒಂದು ಸಂದೇಹ ಉಳಿದಿದೆ. ಎಲ್ಲವನ್ನೂ ಸರಿಯಾಗಿ ಹೇಳಿದ ಮೇಲೂ ಕೋಚ್ ಒಪ್ಪದಿದ್ದರೆ? ಕೆಲಸ ಕೊಡುವವರೂ ತೆಗೆಯುವವರೂ ಅವರ ಕಡೆಯವರೇ ಆಗಿರುವಾಗ ನಿರ್ದೇಶಕರ ಅಧಿಕಾರ ಯಾವುದರ ಮೇಲೆ ನಿಂತಿರುತ್ತದೆ?

ಉತ್ತರ 4: ವೈದ್ಯರ ಚೀಲ

ಕೊನೆಗೆ ಬರುತ್ತೇನೆ ಎಂದುಕೊಂಡಿದ್ದ ವಿಷಯ ಇದೇ.

ಬರೆದಿಟ್ಟ ನಿಯಮದ ಮೇಲೆ ನಿಂತಿರುತ್ತದೆ. ಬೇರೆ ಯಾವುದರ ಮೇಲೂ ಅಲ್ಲ. ಹೆಸರು, ಅನುಭವ, ಕೋಚ್ ಜೊತೆಗಿನ ಸ್ನೇಹ, ಇವು ಸಾಮಾನ್ಯ ದಿನಗಳಲ್ಲಿ ಸಾಕು. ಸೋತ ರಾತ್ರಿ ಸಾಕಾಗುವುದಿಲ್ಲ. ಬೈಯರ್ನ್ ಮ್ಯೂನಿಕ್ ಕ್ಲಬ್ಬಿನಲ್ಲಿ 1977ರಿಂದ ವೈದ್ಯರಾಗಿದ್ದ ಹನ್ಸ್ ವಿಲ್ಹೆಲ್ಮ್ ಮ್ಯುಲ್ಲರ್ ವೋಲ್‌ಫಾರ್ಟ್ ಅವರಿಗಿಂತ ಹೆಚ್ಚು ಹೆಸರು ಮಾಡಿದ ತಂಡದ ವೈದ್ಯರು ವಿರಳ. ಆದರೂ 2015ರ ಏಪ್ರಿಲ್‌ನಲ್ಲಿ ಪೋರ್ಟೊ ವಿರುದ್ಧದ ಸೋಲಿಗೆ ವೈದ್ಯಕೀಯ ವಿಭಾಗವನ್ನು ಹೊಣೆ ಮಾಡಲಾಯಿತೆಂದು ಹೇಳಿ ಅವರು ರಾಜೀನಾಮೆ ಕೊಡಬೇಕಾಯಿತು. 2017ರಲ್ಲಿ ಮರಳಿ ಬಂದರು. ಅದೇ 2015ರ ಆಗಸ್ಟ್ 8ರಂದು ಚೆಲ್ಸಿ ತಂಡದ ವೈದ್ಯೆ ಇವಾ ಕಾರ್ನೇರೊ, ರೆಫರಿ ಕರೆದ ಮೇಲೆ ನೆಲದಲ್ಲಿ ಬಿದ್ದಿದ್ದ ಆಟಗಾರನ ಬಳಿ ಓಡಿಹೋದರು. ಚಿಕಿತ್ಸೆ ಪಡೆದವನು ನಿಯಮದಂತೆ ಹೊರಗೆ ಬರಬೇಕಾದ್ದರಿಂದ, ಗೋಲ್‌ಕೀಪರ್‌ನನ್ನು ಆಗಲೇ ಕೆಂಪು ಕಾರ್ಡಿಗೆ ಕಳೆದುಕೊಂಡಿದ್ದ ತಂಡ ಒಂದಷ್ಟು ಹೊತ್ತು ಒಂಬತ್ತು ಜನರಲ್ಲಿ ಆಡಬೇಕಾಯಿತು. ಕೋಚ್ ಬಹಿರಂಗವಾಗಿ ಟೀಕಿಸಿದರು, ಆಕೆ ಕ್ಲಬ್ ಬಿಟ್ಟರು. ಮರುವರ್ಷ ಪ್ರಕರಣ ರಾಜಿಯಲ್ಲಿ ಮುಗಿದಾಗ ಕ್ಲಬ್ ಆಕೆಯ ಕ್ಷಮೆ ಕೇಳಿತು. ವೈದ್ಯೆಯಾಗಿ ಆಕೆ ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ಕೋಚ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. 2009ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಾರ್ಲಿಕ್ವಿನ್ಸ್ ರಗ್ಬಿ ತಂಡ, ನಿಯಮದ ಪ್ರಕಾರ ರಕ್ತ ಸುರಿಯುತ್ತಿದ್ದರೆ ಸಿಗುವ ಬದಲಿ ಆಟಗಾರನ ಅವಕಾಶವನ್ನು ಪಡೆಯಲು, ನಕಲಿ ರಕ್ತದ ಗುಳಿಗೆಯನ್ನು ಆಟಗಾರನ ಬಾಯಿಗೆ ಕೊಟ್ಟಿತು. ಅದನ್ನು ಮೈದಾನಕ್ಕೆ ಒಯ್ದವರು ತಂಡದ ಫಿಸಿಯೋ. ಅವರಿಗೆ ಕ್ರೀಡೆಯಿಂದ ಎರಡು ವರ್ಷ ನಿಷೇಧವಾಯಿತು. ವೃತ್ತಿ ಮಂಡಳಿ ನೋಂದಣಿಯನ್ನೂ ತೆಗೆದುಹಾಕಿತು, ಮುಂದೆ ನ್ಯಾಯಾಲಯ ಆ ಕ್ರಮವನ್ನು ರದ್ದುಪಡಿಸಿತು. ನೀವು ಫಿಸಿಯೋ ಆದ್ದರಿಂದ ಇದನ್ನು ನೆನಪಿಡಿ. ಆಜ್ಞೆ ಕೊಟ್ಟವರು ಯಾರೇ ಆಗಲಿ, ಪರವಾನಗಿ ನಿಮ್ಮದು.

ನಿಯಮ ಮೊದಲೇ ಇದ್ದರೆ ಎಷ್ಟು ಹಗುರವಾಗುತ್ತದೆಂಬುದನ್ನು ತಲೆಪೆಟ್ಟಿನ ವಿಷಯದಲ್ಲಿ ನಾವು ಕಂಡಿದ್ದೇವೆ. ಕ್ರಿಕೆಟ್‌ನಲ್ಲಿ ಮೊದಲು ತಲೆಗೆ ಪೆಟ್ಟು ಬಿದ್ದವನನ್ನು ಹೊರಗೆ ಕೂರಿಸಿದರೆ ಬ್ಯಾಟಿಂಗ್, ಬೌಲಿಂಗ್‌ಗೆ ತಂಡಕ್ಕೆ ಒಬ್ಬ ಆಟಗಾರ ಕಡಿಮೆಯಾಗುತ್ತಿದ್ದ. ಆ ಕಾರಣಕ್ಕೆ ಎಲ್ಲರ ಕಣ್ಣೂ ವೈದ್ಯರ ಮೇಲಿರುತ್ತಿತ್ತು. 2019ರ ಆಗಸ್ಟ್‌ನಿಂದ ಅವನಂಥದೇ ಪಾತ್ರದ ಬದಲಿ ಆಟಗಾರನಿಗೆ ಅವಕಾಶ ಸಿಕ್ಕಿತು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಜಾಗಕ್ಕೆ ಮಾರ್ನಸ್ ಲಾಬುಶೇನ್ ಬಂದು ಅರ್ಧಶತಕ ಹೊಡೆದರು. ಸರಿಯಾದ ವೈದ್ಯಕೀಯ ತೀರ್ಮಾನಕ್ಕೆ ತಂಡ ತೆರಬೇಕಾದ ಬೆಲೆ ಒಮ್ಮೆಲೇ ಇಳಿಯಿತು. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ 2013ರಿಂದ ಯಾವ ತಂಡಕ್ಕೂ ಸೇರದ ನರತಜ್ಞರನ್ನು ಮೈದಾನದ ಬದಿಯಲ್ಲಿ ನಿಲ್ಲಿಸುತ್ತಿದೆ. ಅದೂ ಸಾಲದೆಂದು 2022ರಲ್ಲಿ, ಪೆಟ್ಟಿನ ನಂತರ ನಡಿಗೆಯ ಸಮತೋಲನ ತಪ್ಪಿದ ಆಟಗಾರ ಅಂದು ಮತ್ತೆ ಆಡುವಂತಿಲ್ಲ ಎಂದು ನಿಯಮವನ್ನು ಬಿಗಿಗೊಳಿಸಿತು.

ಹಾಗಾಗಿ ಹುದ್ದೆಯ ಪ್ರಸ್ತಾಪ ಬಂದ ದಿನ ಸಂಬಳಕ್ಕಿಂತ ಮೊದಲು ಎರಡು ವಿಷಯಗಳನ್ನು ಕೇಳಿ. ನಾನು ಯಾರಿಗೆ ವರದಿ ಮಾಡಬೇಕು? ಉತ್ತರ ಮುಖ್ಯ ಕೋಚ್ ಎಂದಾದರೆ, ಕ್ಲಬ್ಬಿನ ಮುಖ್ಯ ಕಾರ್ಯನಿರ್ವಾಹಕರಿಗೆ ಅಥವಾ ಆಡಳಿತ ಮಂಡಳಿಗೆ ಎಂದು ಬದಲಾಯಿಸಲು ಕೇಳಿ. ಕೋಚ್ ಬದಲಾಗುತ್ತಾರೆ, ಆಟಗಾರರ ಆರೋಗ್ಯದ ಹೊಣೆ ಬದಲಾಗುವುದಿಲ್ಲ. ಎರಡನೆಯದು, ಹೃದಯ, ತಲೆಪೆಟ್ಟು, ಬೆನ್ನುಹುರಿ, ಉಷ್ಣಾಘಾತ, ಇವುಗಳಲ್ಲಿ ವೈದ್ಯರ ತೀರ್ಮಾನವೇ ಅಂತಿಮ ಎಂದು ಒಪ್ಪಂದದಲ್ಲೇ ಬರೆಸಿ. ಸ್ನಾಯು, ಕೀಲುಗಳ ಗಾಯದಲ್ಲಿ ಅಪಾಯವನ್ನು ಹಂಚಿಕೊಳ್ಳಲು ಜಾಗವಿದೆ. ಅಲ್ಲಿಯೂ ಕೊನೆಯ ಮಾತು ಯಾರದು, ಭಿನ್ನಾಭಿಪ್ರಾಯ ಎಲ್ಲಿ ದಾಖಲಾಗಬೇಕು ಎಂಬುದು ಬರಹದಲ್ಲಿರಲಿ. ಒಮ್ಮೆ ನಾನು ಇವೆರಡನ್ನೂ ಕೇಳಿದಾಗ, ನಂಬಿಕೆಯಿದ್ದರೆ ಬರಹವೇಕೆ ಎಂದು ಒಂದು ಕ್ಲಬ್ ಕೇಳಿತು. ಆ ಕೆಲಸವನ್ನು ನಾನು ಒಪ್ಪಲಿಲ್ಲ.

ಉತ್ತರ 5: ಓಟದ ಲೆಕ್ಕ

ಒಂದು ಸಣ್ಣ ಸೇರ್ಪಡೆ. ಆ ಹುಡುಗನ ಪ್ರಕರಣವನ್ನು ಹಾಗೆಯೇ ಬಿಡಬೇಡಿ. ಯಾರನ್ನೂ ದೂರದೆ, ದಿನಾಂಕವಾರು ಎರಡು ಪುಟ ಬರೆಯಿರಿ: ಮೊದಲ ಗಾಯ ಯಾವಾಗ, ಯಾವ ಪರೀಕ್ಷೆಯಲ್ಲಿ ಎಷ್ಟು ಬಂತು, ಪೂರ್ಣ ವೇಗದ ಓಟ ಎಷ್ಟು ಸಲ ಆಗಿತ್ತು, ತೀರ್ಮಾನದ ದಿನ ಯಾರು ಏನು ಹೇಳಿದರು, ಏನನ್ನು ಕೇಳಲು ನೀವು ಮರೆತಿರಿ. ಅದನ್ನು ನಿಮ್ಮ ವೈದ್ಯರಿಗೆ ಮತ್ತು ಕೋಚ್‌ಗೆ ತೋರಿಸಿ, ಮುಂದಿನ ಸಲ ಯಾವ ಅಂಕಿಯನ್ನು ನೋಡಿ ತೀರ್ಮಾನಿಸೋಣ ಎಂದು ಕೇಳಿ. ನನ್ನನ್ನು ಈ ಹುದ್ದೆಗೆ ಆರಿಸುವಾಗ ಸಂದರ್ಶನದಲ್ಲಿ ಕೇಳಿದ್ದು ನನ್ನ ಪದವಿಗಳ ಬಗ್ಗೆ ಅಲ್ಲ. ನಿಮ್ಮ ಕೈತಪ್ಪಿದ ಒಂದು ಪ್ರಕರಣವನ್ನು ವಿವರಿಸಿ, ಅದಾದ ಮೇಲೆ ನಿಮ್ಮ ವಿಭಾಗದಲ್ಲಿ ಏನು ಬದಲಾಯಿತು ಎಂದು ಕೇಳಿದರು. ನಾನು ತಂದಿದ್ದ ಎರಡು ಪುಟಗಳನ್ನು ಮೇಜಿನ ಮೇಲಿಟ್ಟೆ.

ಪ್ರಶ್ನೆ ಕೇಳಿದವರಿಂದ: ಮೈದಾನದಂಚು

ಇಂದು ಸಂಜೆ ಆ ಹುಡುಗನ ಜೊತೆ ಒಂದು ಗಂಟೆ ಕುಳಿತು ಮೊದಲ ಪುಟ ಬರೆದೆ. ತೀರ್ಮಾನದ ಹಿಂದಿನ ದಿನ ಅವನಿಗೆ ತೊಡೆಯಲ್ಲಿ ಬಿಗಿತವಿತ್ತಂತೆ. ಜಾಗ ಕಳೆದುಕೊಳ್ಳುವ ಭಯದಿಂದ ಯಾರಿಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅದನ್ನೂ ಬರೆದಿದ್ದೇನೆ. ನಾಳೆ ವೈದ್ಯರ ಬಳಿ ಹೋಗುವಾಗ ತುರ್ತು ಯೋಜನೆಯ ಹೊಣೆಯನ್ನೂ ಕೇಳುತ್ತೇನೆ.